ಕಿರುಬೆರಳ ಉಗುರಿನಗಲ

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದೊಡ್ಡ ಡಾಕ್ಟರು ಕೃತಕ ಕಾಲು ತಯಾರಿಸುವ ಕಾರ್ಯಾಗಾರಕ್ಕೆ ತಾವೇ ಬಂದು, ಗೋಡೆಯ ಫಲಕಕ್ಕೆ ಒಂದು ಹಾಳೆ ಚುಚ್ಚಿ ಹೋದರು. ಒಂಬತ್ತು ಇಪ್ಪತ್ತೊಂದಕ್ಕೆ ಅಲ್ಲಿ ಕಾಲು ಮಾಡುವ ಮೇಸ್ತ್ರಿಯ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು.

ಹಾಳೆ ಹೊಸದೇನಲ್ಲ. ಕಾಲು ಜೋಡಿಸಿಕೊಂಡವರನ್ನು ನಡೆಸಿ ನೋಡಿ ಡಾಕ್ಟರು ತುಂಬಿಸುವ ಫಾರ್ಮು ಅದು. ಇಂಥವು ಹತ್ತೊಂಬತ್ತು ವರ್ಷಗಳಲ್ಲಿ ಅವನ ಕೈಯಡಿ ನೂರಾರು ಹೋಗಿದ್ದವು. ಆದರೆ ಒಂದನ್ನೂ ಯಾರೂ ಗೋಡೆಗೆ ಚುಚ್ಚಿರಲಿಲ್ಲ. ಇದು ಲೈಬ್ರರಿಯ ವಾಚ್‌ಮನ್‌ನ ಎಡಗಾಲಿನ ಫಾರ್ಮು. ಆ ಕಾಲು ಮಾಡಿದವಳು ಹೊಸಬಳು, ಬಂದು ಐದು ತಿಂಗಳಾಗಿತ್ತು. ಕಾಲೇಜಿನಲ್ಲಿ ಇದೇ ವಿದ್ಯೆ ಓದಿ ಬಂದಿದ್ದಾಳೆಂದು ಕಾರ್ಯಾಗಾರದವರೆಲ್ಲ ಅವಳನ್ನು 'ಡಿಗ್ರಿ' ಅನ್ನುತ್ತಿದ್ದರು. ಮೊದಮೊದಲು ಅದು ಗೇಲಿಯ ಹೆಸರು. ಈಗೀಗ ಅದರೊಳಗಿನ ಗೇಲಿ ಸೋರಿಹೋಗಿ ಬರೀ ಹೆಸರು ಉಳಿದಿತ್ತು. ಮೇಸ್ತ್ರಿಗೆ ಅದೂ ಒಂದು ನೋವು.

ಫಾರ್ಮಿನ ನಡುವೆ ಡಾಕ್ಟರು ಕೈಯಾರೆ ಬರೆದ ಒಂದು ಇಂಗ್ಲಿಷ್ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಬಿದ್ದಿದ್ದವು. ಮೇಸ್ತ್ರಿಗೆ ಇಂಗ್ಲಿಷ್ ಅಕ್ಷರಗಳು ಗೊತ್ತು. ಸಾಕೆಟ್, ಎಡ, ಬಲ, ತೂಕ, ಇಂಥ ಕಸುಬಿನ ಪದಗಳೂ ಗೊತ್ತು. ಇದು ಗೊತ್ತಿರಲಿಲ್ಲ. ಎಣಿಸಿದ: ಹನ್ನೊಂದು ಅಕ್ಷರ, ನಡುವೆ ಎಂ ಎರಡು ಸಲ. ಸುತ್ತ ಯಾರೂ ಇಲ್ಲದ್ದು ನೋಡಿ, ಅಚ್ಚು ತೆಗೆಯುವಾಗ ಕಾಲಿನ ಮೇಲೆ ಗುರುತು ಹಾಕುವ ನೇರಳೆ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ಆ ಹನ್ನೊಂದು ಅಕ್ಷರಗಳನ್ನು ಮುಂಗೈ ಮೇಲೆ ಬರೆದುಕೊಂಡು ಅಂಗಿಯ ತೋಳು ಕೆಳಗಿಳಿಸಿದ. ಆ ಪದದ ಎಡಕ್ಕೆ, ಸಾಲಿನ ಮೊದಲಲ್ಲಿ, ಸಣ್ಣಕ್ಷರದ ಇನ್ನೊಂದು ಪದ ಅಚ್ಚಾಗಿತ್ತು. ಅದರ ಕೆಳಗೆ ಕೆಂಪು ಗೆರೆ ಇರಲಿಲ್ಲವಾದ್ದರಿಂದ ಅದನ್ನು ಬರೆದುಕೊಳ್ಳುವ ಗೋಜಿಗೆ ಹೋಗಲಿಲ್ಲ; ಹಾಳೆಯ ಕೆಳಗಿನ ಖಾನೆಗಳತ್ತ ಕಣ್ಣೂ ಹಾಯಿಸಲಿಲ್ಲ.

"ಸರ್, ಚೆನ್ನಾಗಿ ಬಂದಿದೆ ಅಲ್ವಾ?" ಹಿಂದಿನಿಂದ ಡಿಗ್ರಿಯ ದನಿ. ಅವಳ ಕೈಯಲ್ಲಿ ಮುಚ್ಚಳವಿದ್ದ ಚಹಾ ಲೋಟ.

"ಏನು?"

"ವಾಚ್‌ಮನ್ ಕಾಲು."

"ಗೋಡೇಲಿ ತೂಗುಹಾಕಿದ್ದು ಕಾಗದ ಅಲ್ವಾ," ಅಂದ ಮೇಸ್ತ್ರಿ, "ಕಾಲು ಎಲ್ಲಿದೆ ಅಂತ ಹುಡುಕ್ತಿದ್ದೆ."

ಅವಳು ನಕ್ಕಳು. ಆ ನಗುವನ್ನಂತೂ ಅವನಿಗೆ ಸಹಿಸಲಾಗಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಮನಸ್ಸಿಗೆ ಕೊಂಚ ತಂಪಾಗುತ್ತಿತ್ತು.

ಅವಳಲ್ಲಿ ಮೇಸ್ತ್ರಿಗೆ ಸೇರದ ಸಂಗತಿಗಳು ಒಂದೆರಡಲ್ಲ. ಅವಳ ಉಜ್ಜುವ ಅರಗಳು ಕ್ಯಾನ್ವಾಸ್ ಬಟ್ಟೆಯ ಸುರುಳಿಯಲ್ಲಿ ಒಂದೊಂದು ಕಿಸೆಗೆ ಒಂದೊಂದರಂತೆ ಮಲಗುತ್ತಿದ್ದವು. ಅವನವು ಬಿಸ್ಕತ್ತಿನ ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಹಳೇ ಕಾಲುಗಳನ್ನು ರಾಶಿ ಹಾಕಿದ ಉಗ್ರಾಣದ ಬೀಗದ ಕೈಯನ್ನು ಅವಳು ವಾರಕ್ಕೆರಡು ಸಲ ಕೇಳಿ ಪಡೆಯುತ್ತಿದ್ದಳು. ಅಲ್ಲಿ ಅವಳಿಗೇನು ಕೆಲಸವೋ. ಬಾಗಿಲ ಬಳಿಯ ಸೆಕ್ಯೂರಿಟಿಯವನು ಅವಳಿಗೆ ಎದ್ದು ನಿಲ್ಲುತ್ತಿದ್ದ. ಮೇಸ್ತ್ರಿಗೆ ಅವನು ಕೂತಲ್ಲಿಂದಲೇ ಹುಬ್ಬು ಹಾರಿಸುತ್ತಿದ್ದ. ಇಷ್ಟು ವರ್ಷ ಮೇಸ್ತ್ರಿ ಆ ಹುಬ್ಬನ್ನೇ ಸ್ನೇಹ ಅಂದುಕೊಂಡಿದ್ದ.

ಅಂದು ಸಂಜೆ ಮನೆಯಲ್ಲಿ ಕೈ ತೊಳೆಯುವಾಗ ಹೆಂಡತಿ ಮುಂಗೈ ನೋಡಿಬಿಟ್ಟಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು.

"ಏನ್ರೀ ಇದು? ಈ ವಯಸ್ಸಲ್ಲಿ ಯಾರ ಹೆಸರು ಹಚ್ಚೆ ಹಾಕಿಸ್ಕೊಂಡ್ರಿ?"

"ಸುಮ್ನಿರೇ. ಮಗಳ ಹಳೇ ಡಿಕ್ಷನರಿ ಎಲ್ಲಿದೆ?"

"ಮಷಿನ್ನಿನ ಕಾಲು ಅಲ್ಲಾಡ್ತಿತ್ತು, ಅದರ ಕೆಳಗಿಟ್ಟಿದೀನಿ. ಜೋಪಾನ, ತೆಗೆದ್ರೆ ಮಷಿನ್ನು ಕುಂಟುತ್ತೆ."

ಹೊಲಿಗೆ ಯಂತ್ರದ ಕೆಳಗಿಂದ ಡಿಕ್ಷನರಿ ಎಳೆದು, ಕನ್ನಡಕ ಏರಿಸಿ, ಎಸ್ ಹಿಡಿದು ಹೊರಟ. ಹುಡುಕುವುದಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಸಿಮೆಟ್ರಿಕಲ್. ಎದುರಿಗೆ ಕನ್ನಡದಲ್ಲಿ: ನಡುಗೆರೆಯ ಎರಡೂ ಬದಿಗಳು ಆಕಾರದಲ್ಲೂ ಅಳತೆಯಲ್ಲೂ ಒಂದೇ ಸಮನಾಗಿರುವ. ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಒಂದು ಪಾತರಗಿತ್ತಿಯ ಚಿತ್ರ, ಮೈ ನಡುವೆ ಚುಕ್ಕೆಗೆರೆ. ಗಟ್ಟಿಯಾಗಿ ಓದಿದ.

"ಹಾಗಾದ್ರೆ ನನ್ನ ಹತ್ರ ಹೊಲಿಸಿಕೊಳ್ಳೋರಲ್ಲಿ ಒಬ್ಬರೂ ಅದಲ್ಲ," ಅಂದಳು ಹೆಂಡತಿ. "ಒಂದು ಹೆಗಲು ಮೇಲೆ, ಒಂದು ಕೆಳಗೆ. ತಪ್ಪು ಮಾತ್ರ ನಂದು, ಬಟ್ಟೆ ಕೆಡಿಸಿದೆ ಅಂತಾರೆ. ಯಾರಿಗೆ ಬರೆದಿದ್ರು ಅದನ್ನ?"

"ಆ ಹುಡುಗಿಗೆ."

"ಓ, ಅದಕ್ಕೇ ಮೂಗಿನ ತುದೀಲಿ ಹೊಗೆ ಬರ್ತಿದೆ," ಅಂದವಳು ಯಂತ್ರದ ಕೆಳಗೆ ರಟ್ಟು ಮಡಿಸಿ ತುರುಕಿದಳು.

ಮೇಸ್ತ್ರಿಯ ತಲೆಯಲ್ಲಿ ಬೇರೆಯೇ ಲೆಕ್ಕ ಶುರುವಾಗಿತ್ತು. ಅವನು ಮಾಡುವ ಯಾವ ಕಾಲೂ ಇನ್ನೊಂದು ಕಾಲಿನಷ್ಟೇ ಉದ್ದ ಇರುತ್ತಿರಲಿಲ್ಲ. ಮಂಡಿಗೂ ಪಾದಕ್ಕೂ ನಡುವಿನ ಅಲ್ಯೂಮಿನಿಯಂ ಕೊಳವೆ ಕತ್ತರಿಸುವಾಗ, ಸರಿಯಾದ ಅಳತೆಗೆ ಗುರುತು ಹಾಕಿ, ಅದರಿಂದ ಕಿರುಬೆರಳ ಉಗುರಿನಗಲ ಒಳಗೆ ಸರಿದು ಕತ್ತರಿಸುವುದು ಅವನ ಕೈಗೆ ಅಂಟಿದ ರೂಢಿ. ಕೆಲಸ ಕಲಿಸಿದ ಮುದುಕ ಹಾಗೇ ಹೇಳಿಕೊಟ್ಟಿದ್ದ. ಏಕೆಂದು ಕೇಳಿದ್ದಕ್ಕೆ "ನೆಲಕ್ಕೂ ಸ್ವಲ್ಪ ಜಾಗ ಬೇಡ್ವೇನಯ್ಯಾ" ಅಂದಿದ್ದ, ಅಷ್ಟೆ. ಫಾರ್ಮಿನ ಕೊನೆಯಲ್ಲಿ 'ಉದ್ದದ ವ್ಯತ್ಯಾಸ' ಎಂಬರ್ಥದ ಒಂದು ಖಾನೆ ಇತ್ತು. ಅದನ್ನು ತುಂಬಿಸಬೇಕಾದವನು ಕಾಲು ಮಾಡಿದವನೇ. ಮೇಸ್ತ್ರಿ ಹತ್ತೊಂಬತ್ತು ವರ್ಷವೂ ಅದನ್ನು ಖಾಲಿ ಬಿಟ್ಟಿದ್ದ. ಬರೆದರೆ ಯಾರಾದರೂ ಏಕೆ ಗಿಡ್ಡ ಅಂತ ಕೇಳಿಯಾರು. ಕೇಳಿದರೆ ಹೇಳಲು ಅವನ ಬಳಿ ಮುದುಕನ ಒಂದು ಮಾತು ಬಿಟ್ಟು ಬೇರೇನೂ ಇರಲಿಲ್ಲ.

ಈಗ ಡಿಕ್ಷನರಿಯೇ ಹೇಳುತ್ತಿದೆ: ಅಳತೆಯಲ್ಲೂ ಒಂದೇ ಸಮ. ಎರಡು ಕೆಂಪು ಗೆರೆ ಸಿಗುವುದು ಅದಕ್ಕೆ. ಅವಳಿಗೆ ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಇಷ್ಟು ಜನಕ್ಕೆ ಗಿಡ್ಡ ಕಾಲು ಕಟ್ಟಿ ಕಳಿಸಿದೆನಲ್ಲ ಎಂದು ಅವನ ಕಿವಿ ಬಿಸಿಯಾಯಿತು.

ಗುರುವಾರ ಟೀಚರ್ ಬಂದಳು.

ಹತ್ತನೇ ವಯಸ್ಸಿನಲ್ಲಿ ಲಾರಿಯ ಚಕ್ರಕ್ಕೆ ಸಿಕ್ಕಿ ಬಲಗಾಲು ತೊಡೆಯವರೆಗೆ ಹೋದ ಹುಡುಗಿ ಅವಳು. ಹನ್ನೊಂದನೇ ವಯಸ್ಸಿನಿಂದ ಅವಳ ಕಾಲುಗಳನ್ನೆಲ್ಲ ಮಾಡಿದವನು ಮೇಸ್ತ್ರಿಯೇ. ಬೆಳೆದಂತೆಲ್ಲ ವರ್ಷಕ್ಕೊಂದು, ಬೆಳೆಯುವುದು ನಿಂತ ಮೇಲೆ ನಾಲ್ಕು ವರ್ಷಕ್ಕೊಂದು. ಈಗ ಅವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವನನ್ನು ಇವತ್ತಿಗೂ ಮಾಮ ಎಂದೇ ಕರೆಯುತ್ತಾಳೆ. ಅವಳು ಮೆಟ್ಟಿಲೇರಿ ಬರುವ ಸದ್ದು ಕೇಳಿದರೆ ಸಾಕು, ಇವಳೇ ಎಂದು ಅವನು ತಲೆ ಎತ್ತದೆಯೇ ಹೇಳಬಲ್ಲ.

ಅಂದು ಸದ್ದು ಕೇಳಿ ಅರ ಕೆಳಗಿಟ್ಟು ಕಾದ. ಅವಳು ಒಳಗೆ ಬರಲಿಲ್ಲ. ಹೊರಗಿನ ಹಜಾರದಲ್ಲಿ ಇಂಗ್ಲಿಷಿನಲ್ಲಿ ಮಾತು, ನಗು. ಬಾಗಿ ನೋಡಿದರೆ ಬೆಂಚಿನ ಮೇಲೆ ಟೀಚರ್ ಮತ್ತು ಡಿಗ್ರಿ ಒಂದೇ ಲೋಟದ ಚಹಾವನ್ನು ಮುಚ್ಚಳಕ್ಕಷ್ಟು ಲೋಟಕ್ಕಷ್ಟು ಹಂಚಿಕೊಂಡು ಕುಡಿಯುತ್ತಿದ್ದಾರೆ. ಟೀಚರ್ ತನ್ನ ಹಳೇ ಕಾಲನ್ನು ಬಿಚ್ಚಿ ಡಿಗ್ರಿಯ ತೊಡೆಯ ಮೇಲಿಟ್ಟಿದ್ದಾಳೆ. ತಾನು ಮಾಡಿದ ಕಾಲು! ಡಿಗ್ರಿ ಅದನ್ನು ಮಗುವನ್ನು ತಿರುಗಿಸಿದ ಹಾಗೆ ತಿರುಗಿಸಿ ನೋಡುತ್ತಿದ್ದಾಳೆ. ಮೇಸ್ತ್ರಿಯ ಎದೆಯಲ್ಲಿ ಯಾರೋ ಅರ ಆಡಿಸಿದಂತಾಯಿತು.

"ಮಾಮ, ಬೇಜಾರು ಮಾಡ್ಕೋಬೇಡಿ," ಅಂದಳು ಟೀಚರ್ ಒಳಗೆ ಬಂದು. "ಈ ಸಲ ಇವರ ಹತ್ರ ಮಾಡಿಸಿ ನೋಡೋಣ ಅನ್ನಿಸ್ತು. ನಿಮಗೂ ಕೆಲಸ ಜಾಸ್ತಿ ಅಲ್ವಾ."

"ನನಗೆ ಯಾವ ಕೆಲಸ ಜಾಸ್ತಿ? ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಫಲಕದ ಮೇಲೆ ನೋಡಿದೆ, ಅಷ್ಟು ಚೆನ್ನಾಗಿ ಬರೆದಿದಾರೆ..."

ಆ ಹಾಳೆ! ಮೇಸ್ತ್ರಿ, "ಬುಧವಾರಕ್ಕೆ ನನ್ನ ಕಾಲು ಹಾಕ್ಕೊಂಡು ನಡಿ. ಫಾರ್ಮಲ್ಲಿ ಅದೇ ಪದ ಬೀಳದಿದ್ರೆ ಇವಳ ಹತ್ರಾನೇ ಮಾಡಿಸ್ಕೋ. ಇನ್ನು ಮುಂದೆ ಎಲ್ಲಾ ಕಾಲೂ ಇವಳೇ ಮಾಡ್ಲಿ. ನಾನು ಕೇಳಲ್ಲ," ಅಂದ.

"ಪಂದ್ಯವೇನ್ ಮಾಮ ಇದು?" ಟೀಚರ್ ನಗಲು ನೋಡಿದಳು. ಅವನ ಮುಖ ನೋಡಿ ನಿಲ್ಲಿಸಿದಳು. "ಆಯ್ತು. ಮೊದಲು ನಿಮ್ಮದು."

ಅಚ್ಚು ತೆಗೆದ, ಪ್ಲಾಸ್ಟರ್ ಎರೆದ, ಅರ ಹಿಡಿದು ಉಜ್ಜಿದ, ಉಳಿದ ತೊಡೆ ಕೂರುವ ಸಾಕೆಟ್ ಕಟ್ಟಿದ. ಇದರಲ್ಲೆಲ್ಲ ಅವನ ಕೈಗೆ ಸಾಟಿ ಇರಲಿಲ್ಲ. ಸೋಮವಾರ ಮಧ್ಯಾಹ್ನ ಕೊಳವೆ ಕತ್ತರಿಸುವ ಹೊತ್ತು ಬಂತು. ಗುರುತು ಹಾಕಿದ. ಕಿರುಬೆರಳು ತಾನಾಗಿಯೇ ಗುರುತಿನ ಪಕ್ಕ ಹೋಗಿ ಕೂತಿತು. ಅದನ್ನು ನೋಡುತ್ತ ಎಷ್ಟೋ ಹೊತ್ತು ಕೂತ. ಡಿಗ್ರಿ ಸ್ಕೇಲು ಹಿಡಿದು ಅಳೆದು, ಕಡಿಮೆ ಇದೆಯಲ್ಲ ಸರ್, ಎಂದು ಟೀಚರ್ ಎದುರಿಗೆ ಹೇಳುವುದು ಕಿವಿಗೆ ಕೇಳಿಸಿದಂತೆಯೇ ಆಯಿತು. ಬೆರಳು ತೆಗೆದ. ಗುರುತಿನ ಮೇಲೆಯೇ ಕತ್ತರಿಸಿದ.

ಬುಧವಾರ ಹತ್ತು ಗಂಟೆಗೆ ದೊಡ್ಡ ಡಾಕ್ಟರು, ಟೀಚರ್, ಡಿಗ್ರಿ ಮೂವರೂ ನಡಿಗೆ ಕೋಣೆಯಲ್ಲಿ ಸೇರಿದರು. ಕೋಣೆಯ ಉದ್ದಕ್ಕೂ ಕೈ ಹಿಡಿಯಲು ಎರಡು ಕಂಬಿ, ನಡುವೆ ಎಂಟು ಮೀಟರ್ ಕಪ್ಪು ರಬ್ಬರ್ ಹಾಸು. ಟೀಚರ್ ಹೊಸ ಕಾಲು ತೊಟ್ಟು ನೆಟ್ಟಗೆ ನಿಂತಳು.

"ಅಳೀರಿ," ಅಂದ ಮೇಸ್ತ್ರಿ ಡಿಗ್ರಿಗೆ, ಎಲ್ಲರಿಗೂ ಕೇಳುವ ಹಾಗೆ. "ನಾನು ಅಳೆದ್ರೆ ನನ್ನ ಅಳತೆ ಅಂತಾರೆ. ನೀವೇ ಅಳೀರಿ."

ಡಿಗ್ರಿ ಮಂಡಿಯೂರಿ ಕೂತು ಎರಡೂ ಕಡೆ ಟೇಪು ಹಿಡಿದಳು. ಸೊಂಟದ ಮೂಳೆಗಳ ಮೇಲೆ ಮಟ್ಟದ ಪಟ್ಟಿ ಇಟ್ಟಳು. ಪಟ್ಟಿಯ ನೀರಿನೊಳಗಿನ ಗುಳ್ಳೆ ಕರಾರುವಾಕ್ಕಾಗಿ ನಡುವೆ ನಿಂತಿತು.

"ಒಂದು ಮಿಲಿಮೀಟರೂ ವ್ಯತ್ಯಾಸ ಇಲ್ಲ," ಅಂದಳು. ಹೊಗಳಿಕೆಯಂತೆ ಕೇಳಲಿಲ್ಲ ಅದು. ತಲೆ ಎತ್ತಿ, "ಸಮಸಮ ಇಟ್ಟಿದೀರಾ, ಸರ್?"

"ಸಿಮೆಟ್ರಿಕಲ್," ಅಂದ ಮೇಸ್ತ್ರಿ. ಎಂಟು ದಿನ ಒಳಗೊಳಗೇ ಮೆಲುಕು ಹಾಕಿದ ಪದ ಹೊರಗೆ ಚೊಕ್ಕವಾಗಿ ಬಂತು. ಡಾಕ್ಟರು ಹುಬ್ಬೇರಿಸಿದರು. ಇಷ್ಟು ದಿನದಲ್ಲಿ ಅವನ ಹೊಟ್ಟೆ ಮೊದಲ ಬಾರಿಗೆ ತಣ್ಣಗಾಯಿತು.

"ನಡೀಮ್ಮ," ಅಂದರು ಡಾಕ್ಟರು.

ಮೊದಲ ಹೆಜ್ಜೆ. ಎರಡನೆಯದು. ಮೂರನೆಯದಕ್ಕೆ ಹೊಸ ಪಾದದ ತುದಿ ರಬ್ಬರನ್ನು ಸರ್ರೆಂದು ಉಜ್ಜಿತು. ಟೀಚರ್ ಸೊಂಟ ಎತ್ತಿ ಕಾಲನ್ನು ಎಳೆದುಕೊಂಡಳು. ಮತ್ತೆ ಸರ್ರ್. ಐದನೆಯ ಹೆಜ್ಜೆಗೆ ತುದಿ ಸಿಕ್ಕಿಕೊಂಡೇಬಿಟ್ಟಿತು. ಅವಳು ಮುಗ್ಗರಿಸಿ, ಎರಡೂ ಕೈಯಿಂದ ಕಂಬಿ ತಬ್ಬಿ, ಎಡ ಮಂಡಿ ಊರಿ ಬಿದ್ದಳು.

ಮೇಸ್ತ್ರಿ ಓಡಿಹೋಗಿ ಎತ್ತಿದ. ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗಲೂ ಅವಳು ಅವನ ಕಾಲು ತೊಟ್ಟು ಬಿದ್ದಿರಲಿಲ್ಲ.

"ಏನೂ ಆಗಿಲ್ಲ ಮಾಮ," ಅಂದಳು. ಅವಳ ತುಟಿ ಬಿಳಿಚಿಕೊಂಡಿತ್ತು. "ಕಾಲು... ಉದ್ದ ಅನ್ನಿಸ್ತಿದೆ. ನೆಲ ಮೇಲಕ್ಕೆ ಬಂದ ಹಾಗೆ."

ನೆಲಕ್ಕೂ ಸ್ವಲ್ಪ ಜಾಗ ಬೇಡ್ವೇನಯ್ಯಾ. ಮೇಸ್ತ್ರಿ ಬಗ್ಗಿ ಹೊಸ ಪಾದದ ತುದಿ ಮುಟ್ಟಿ ನೋಡಿದ. ಕೃತಕ ಕಾಲಿಗೆ ಸ್ವಂತ ಬುದ್ಧಿ ಇಲ್ಲ. ಮುಂದಕ್ಕೆ ಬೀಸುವಾಗ ಅಸಲಿ ಕಾಲಿನ ಹಾಗೆ ಪಾದವನ್ನು ತಾನಾಗಿ ಎತ್ತಿಕೊಳ್ಳುವುದಿಲ್ಲ. ಕೊಂಚ ಗಿಡ್ಡವಿದ್ದರೇ ಅದು ನೆಲ ತಪ್ಪಿಸಿ ಮುಂದೆ ಹೋಗುವುದು. ಹತ್ತೊಂಬತ್ತು ವರ್ಷ ಕೈಗೆ ಗೊತ್ತಿದ್ದದ್ದನ್ನು ಒಂದು ಪದಕ್ಕೋಸ್ಕರ ಕೈಬಿಟ್ಟಿದ್ದ.

ಡಾಕ್ಟರು ಗಡಿಯಾರ ನೋಡಿಕೊಂಡರು. "ಇಪ್ಪತ್ತು ನಿಮಿಷ ಬಿಟ್ಟು ಬರ್ತೀನಿ. ಅಷ್ಟರಲ್ಲಿ ತೀರ್ಮಾನ ಮಾಡ್ಕೊಳ್ಳಿ, ಯಾರು ಮಾಡ್ತೀರಿ ಅಂತ." ಹೊರಟುಹೋದರು.

ಮೇಸ್ತ್ರಿ ಡಿಗ್ರಿಯ ಮುಖ ನೋಡಲಿಲ್ಲ. ಅವಳು ಗೆದ್ದ ಮುಖ ಹೇಗಿರುತ್ತದೆಂದು ನೋಡದೆಯೂ ಕಾಣುತ್ತಿತ್ತು. "ಮಾಡ್ಕೊಳ್ಳಿ," ಅಂದ. "ನೀವೇ ಮಾಡ್ಕೊಳ್ಳಿ. ಮಾತು ಕೊಟ್ಟಿದೀನಿ."

"ಸರ್, ಒಂದು ಕೇಳ್ಲಾ? ನಿಮ್ಮ ಎಂಟು ಎಲ್ಲಿ ಹೋಯ್ತು?"

"ಯಾವ ಎಂಟು?"

"ಎಂಟು ಮಿಲಿಮೀಟರ್. ಉಗ್ರಾಣದಲ್ಲಿ ನಿಮ್ಮ ಹಳೇ ಕಾಲುಗಳು ಇದಾವಲ್ಲ, ಮೂವತ್ತೊಂದನ್ನ ಬಿಚ್ಚಿ ಕೊಳವೆ ಅಳೆದೆ, ಅವರವರ ಚೀಟಿಯ ಅಳತೆ ಜೊತೆ ಹೋಲಿಸಿದೆ. ಎಲ್ಲಾದ್ರಲ್ಲೂ ಏಳೂವರೆಯಿಂದ ಎಂಟೂವರೆ ಕಡಿಮೆ. ಪುಸ್ತಕದಲ್ಲಿ ಐದರಿಂದ ಹತ್ತು ಅಂತ ಇರುತ್ತೆ, ಯಾರಿಗೆ ಎಷ್ಟು ಅಂತ ಇರಲ್ಲ. ನಾನು ಮೊದಲು ಐದು ಇಟ್ಟು ಮೂರು ಕಾಲು ಮಾಡಿದೆ. ಮೂವರೂ ಎಡವಿದ್ರು. ವಾಚ್‌ಮನ್‌ಗೆ ನಿಮ್ಮ ಎಂಟೇ ಹಾಕಿದ್ದು."

ಮೇಸ್ತ್ರಿ ಈಗ ಅವಳ ಮುಖ ನೋಡಿದ. ಕನಿಕರ ಇರಲಿಲ್ಲ ಅಲ್ಲಿ, ಗೆಲುವೂ ಇರಲಿಲ್ಲ. ಕಸುಬಿನವರು ಕಸುಬಿನವರನ್ನು ನೋಡುವ ಕಳ್ಳ ಕಣ್ಣಿತ್ತು. ಅವನ ಹೊಟ್ಟೆಯ ಕಿಚ್ಚು ಆರಲಿಲ್ಲ, ಮಗ್ಗುಲು ಬದಲಿಸಿತು. "ಕದ್ದಿದೀರಿ ಅನ್ನಿ!"

"ಮತ್ತಿನ್ನೇನು? ಕೇಳಿದ್ರೆ ಹೇಳ್ತಿದ್ರಾ?"

"ಹೇಳ್ತಿರಲಿಲ್ಲ."

"ಗೊತ್ತಿತ್ತು. ಬಂದ ಪೇಷಂಟ್ ಎಲ್ಲಾ 'ಮೇಸ್ತ್ರಿ ಇಲ್ವಾ, ಮೇಸ್ತ್ರಿ ಯಾವಾಗ ಬರ್ತಾರೆ' ಅಂತ ಕೇಳ್ತಿದ್ರೆ, ಮೂರು ತಿಂಗಳು ಅದನ್ನ ಕೇಳಿಸ್ಕೊಂಡು ಕೂತಿದ್ದೆ. ನನ್ನ ಹೊಟ್ಟೆ ಉರೀತಿರಲಿಲ್ವಾ?"

ಟೀಚರ್ ಮಂಡಿ ತಿಕ್ಕಿಕೊಳ್ಳುತ್ತ ಕೂತಿದ್ದವಳು ಈಗ ಗಟ್ಟಿಯಾಗಿ ನಕ್ಕಳು. "ಇಬ್ಬರ ಹೊಟ್ಟೆ ಉರಿಗೆ ನನ್ನ ಮಂಡಿ ಸುಟ್ಟಿತಲ್ಲ! ಮಾಮ, ಆ ಪದ ಎಲ್ಲಿ ಓದಿದ್ರಿ ನೀವು?"

ಮೇಸ್ತ್ರಿ ಸುಳ್ಳು ಹೇಳಲು ಹೋಗಲಿಲ್ಲ. ಮುಂಗೈ, ನೇರಳೆ ಪೆನ್ಸಿಲು, ಡಿಕ್ಷನರಿ, ಪಾತರಗಿತ್ತಿ ಎಲ್ಲ ಹೇಳಿದ. ಅವಳು ಡಿಗ್ರಿಯ ಕೈಯಿಂದ ಖಾಲಿ ಫಾರ್ಮು ತೆಗೆದುಕೊಂಡು, ಮಕ್ಕಳಿಗೆ ತೋರಿಸುವಂತೆ ಸಾಲಿನ ಮೇಲೆ ಬೆರಳಿಟ್ಟಳು.

"ಅರ್ಥ ಸರಿಯಾಗೇ ನೋಡಿದೀರಿ. ಆದ್ರೆ ಎರಡೂ ಬದಿ ಸಮ ಅಂದ್ರೆ, ಯಾವುದರ ಎರಡು ಬದಿ? ಅದನ್ನ ಡಿಕ್ಷನರಿ ಹೇಳಲ್ಲ, ಪದ ಕೂತಿರೋ ಜಾಗ ಹೇಳುತ್ತೆ. ನನ್ನ ಕ್ಲಾಸಲ್ಲೂ ಹೀಗೇ. ಒಬ್ಬಳು 'ನಮ್ಮಮ್ಮ ಸಿಮೆಟ್ರಿಕಲ್' ಅಂತ ಬರೆದಿದ್ಲು. ಏನಮ್ಮ ಅಂದ್ರೆ, ನಂಗೂ ತಂಗಿಗೂ ಒಂದೇ ಸಮ ಬೈತಾಳೆ ಅಂದ್ಲು. ಇಲ್ಲಿ ನೋಡಿ, ಸಾಲಿನ ಮೊದಲಲ್ಲಿ ಏನು ಅಚ್ಚಾಗಿದೆ?"

ಅವನು ಬರೆದುಕೊಳ್ಳದೆ ಬಿಟ್ಟಿದ್ದ ನಾಲ್ಕಕ್ಷರದ ಪದ. ಗೊತ್ತಿಲ್ಲವೆಂದು ತಲೆಯಾಡಿಸಿದ.

"ನಡಿಗೆ ಅಂತ. ಡಾಕ್ಟರು ವಾಚ್‌ಮನ್ ಕಾಲನ್ನ ಹೊಗಳಿಲ್ಲ, ಅವನ ನಡಿಗೇನ ಹೊಗಳಿದಾರೆ. ಎಡ ಹೆಜ್ಜೆಯೂ ಬಲ ಹೆಜ್ಜೆಯೂ ಒಂದೇ ಸಮ ಬೀಳ್ತಿದೆ ಅಂತ. ಕಾಲು ಅಲ್ಲ ಮಾಮ, ಹೆಜ್ಜೆ."

ಹೆಜ್ಜೆ ಸಮನಾಗಲೆಂದು ಕಾಲು ಸಮನಾಗಿರಬಾರದು. ಮೇಸ್ತ್ರಿ ಇದನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡ. ಮುದುಕನ ಮಾತಿಗೆ ಕೊನೆಗೂ ಉಳಿದರ್ಧ ಜೊತೆಯಾದಂತಾಯಿತು.

"ಬಿಚ್ಚು ಆ ಕಾಲನ್ನ," ಅಂದ ಟೀಚರಿಗೆ. ಡಿಗ್ರಿಯ ಕಡೆ ತಿರುಗಿ, "ನೀವು ಆ ಕಡೆ ತಿರುಗಿ ನಿಲ್ಲಿ. ಮತ್ತೆ ಕದೀಬೇಡಿ."

"ಇನ್ನೇನು ಉಳಿದಿದೆ ಸರ್, ಕದಿಯೋಕೆ?"

"ಇದೆ, ಇದೆ. ಹತ್ತೊಂಬತ್ತು ವರ್ಷದ್ದು," ಅಂದ. ಆದರೂ ಕೊಳವೆ ಕತ್ತರಿಸುವಾಗ ಅವಳಿಗೆ ಕಾಣುವ ಹಾಗೆಯೇ ಕೂತಿದ್ದ. ಅದೇಕೆಂದು ಅವನಿಗೂ ಗೊತ್ತಾಗಲಿಲ್ಲ. ಕಿರುಬೆರಳು ಗುರುತಿನ ಪಕ್ಕ ಕೂತಿತು. ಕತ್ತರಿಸಿದ.

ಡಾಕ್ಟರು ವಾಪಸು ಬಂದಾಗ ಡಿಗ್ರಿ ಟೀಚರ್‌ಳ ಎರಡೂ ಅಂಗಾಲಿಗೆ ಸೀಮೆಸುಣ್ಣದ ಪುಡಿ ಸವರಿದ್ದಳು. ಈ ಬಾರಿ ರಬ್ಬರ್ ಉಜ್ಜುವ ಸದ್ದು ಬರಲಿಲ್ಲ. ಟೀಚರ್ ಕಂಬಿ ಬಿಟ್ಟು, ಎಂಟು ಮೀಟರ್ ಹೋಗಿ, ತಿರುಗಿ ಬಂದಳು. ಮೆಟ್ಟಿಲ ಮೇಲೆ ಅವನು ಗುರುತು ಹಿಡಿಯುತ್ತಿದ್ದ ಅದೇ ಸದ್ದು. ಕಪ್ಪು ಹಾಸಿನ ಮೇಲೆ ಬಿಳಿ ಗುರುತುಗಳ ನಡುವಿನ ದೂರವನ್ನು ಡಿಗ್ರಿ ಒಂದೊಂದಾಗಿ ಅಳೆದಳು. ಎಡ ಹೆಜ್ಜೆ ಸರಾಸರಿ ಐವತ್ತೆರಡು ಸೆಂಟಿಮೀಟರ್, ಬಲ ಹೆಜ್ಜೆ ಐವತ್ತೊಂದೂವರೆ.

"ವಾಚ್‌ಮನ್‌ದು ಎಷ್ಟಿತ್ತು?" ಕೇಳಿದ ಮೇಸ್ತ್ರಿ, ಬೇರೆಲ್ಲೋ ನೋಡುತ್ತ.

"ಎರಡು ಸೆಂಟಿಮೀಟರ್ ವ್ಯತ್ಯಾಸ."

"ಹಾಂ," ಅಂದ. ಅಷ್ಟು ಸಾಕಾಗಿತ್ತು. ಸಾಲಲಿಲ್ಲವೆಂಬಂತೆ ಮತ್ತೆ ಕೇಳಿದ: "ಎರಡು ಅಂದ್ರೆ, ಪೂರ್ತಿ ಎರಡಾ?"

"ಪೂರ್ತಿ ಎರಡು, ಸರ್."

ಡಾಕ್ಟರು ಫಾರ್ಮು ತುಂಬಿಸಿದರು. ನಡಿಗೆಯ ಸಾಲಿನಲ್ಲಿ ಆ ಹನ್ನೊಂದು ಅಕ್ಷರಗಳು ಬಿದ್ದವು. ಕೆಂಪು ಪೆನ್ನು ಅವರ ಜೇಬಿನಲ್ಲೇ ಇತ್ತು. ಅವರು ಅದನ್ನು ಹೊರತೆಗೆಯಲಿಲ್ಲ. ಮೇಸ್ತ್ರಿ ಆ ಜೇಬನ್ನು ನೋಡುತ್ತಲೇ ಇದ್ದ.

"ಕೊನೇ ಖಾನೆ ನಿಮ್ಮದು," ಎಂದು ಹಾಳೆಯನ್ನು ಅವನತ್ತ ಸರಿಸಿದರು. "ಯಾವಾಗ್ಲೂ ಖಾಲಿ ಬಿಡ್ತೀರಿ. ಬರೆದ್ರೆ ತಾನೇ ನನಗೆ ಗೊತ್ತಾಗೋದು, ಏನು ಮಾಡಿದೀರಿ ಅಂತ? ಇವರು ವಾಚ್‌ಮನ್‌ದರಲ್ಲಿ ಬರೆದಿದಾರೆ ನೋಡಿ."

ಮೇಸ್ತ್ರಿ ಡಿಗ್ರಿಯನ್ನೊಮ್ಮೆ ದುರುಗುಟ್ಟಿ ನೋಡಿದ. ಅವಳು ಚಹಾ ಲೋಟದ ಮುಚ್ಚಳದತ್ತ ಕಣ್ಣು ತಿರುಗಿಸಿದಳು. ಆಮೇಲೆ ಅವನು ನೇರಳೆ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ಅವಳಿಗಿಂತ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೇ ಬರೆದ: ಬಲಗಾಲು ಎಂಟು ಮಿಲಿಮೀಟರ್ ಗಿಡ್ಡ.